ವಿನೋದದ ಮೇರೆ

ಕ್ರಿಸ್ಮಸ್ ಹಬ್ಬದ ಇರುಳು. ಊಟ ಮುಗಿದಿದೆ, ಮೇಜು ಕುರ್ಚಿಗಳನ್ನು ಗೋಡೆಯ ಕಡೆಗೆ ಸರಿಸಿದ್ದಾರೆ. ನೆರೆದವರಲ್ಲಿ ಒಬ್ಬನ ಕಣ್ಣಿಗೆ ಬಟ್ಟೆ ಕಟ್ಟಿ, ಮೂರು ಸುತ್ತು ತಿರುಗಿಸಿ, ನಡುಮನೆಯಲ್ಲಿ ಬಿಟ್ಟಿದ್ದಾರೆ. ಅವನು ಕೈ ಚಾಚುತ್ತಾನೆ, ಗಾಳಿಯನ್ನು ಹಿಡಿಯುತ್ತಾನೆ, ಗೋಡೆಯನ್ನು ತಬ್ಬುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಅವನೂ ನಗುತ್ತಾನೆ. ಯುರೋಪಿನ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಈ ಆಟದಲ್ಲಿ ತತ್ತ್ವವಿಚಾರಕ್ಕೆ ಎಡೆಯೆಲ್ಲಿ ಎಂದು ಯಾರಾದರೂ ಕೇಳಬಹುದು.

ಆದರೆ ಅವನೂ ನಗುತ್ತಾನೆ ಎಂಬ ಆ ಕೊನೆಯ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ. ಅವನು ನಗುವಷ್ಟು ಕಾಲ ಅದು ಆಟ. ಅವನು ನಗದೆ ಉಳಿದ ಗಳಿಗೆಯಲ್ಲಿ ಅದೇ ಬಟ್ಟೆ, ಅದೇ ಕೋಣೆ, ಅದೇ ಜನ, ಅದೇ ಗದ್ದಲ ಎಲ್ಲವೂ ಇದ್ದಂತೆಯೇ ಇದ್ದು, ನಡೆಯುತ್ತಿರುವ ಕಾರ್ಯ ಮಾತ್ರ ಬೇರೆಯಾಗಿಬಿಡುತ್ತದೆ. ವಿನೋದಕ್ಕೂ ಹಿಂಸೆಗೂ ನಡುವೆ ಇರುವ ಮೇರೆ ಎಲ್ಲಿದೆ? ಅದನ್ನು ಕಾಯತಕ್ಕವರು ಯಾರು? ಹಬ್ಬದ ಆಟವನ್ನು ಕುರಿತು ಲೋಕದಲ್ಲಿ ಎರಡು ತೀರ್ಪುಗಳು ಸುಲಭವಾಗಿ ಸಿಕ್ಕುತ್ತವೆ. ಪವಿತ್ರವಾದ ದಿನವನ್ನು ಕುಣಿತ ಕೇಕೆಗಳಿಂದ ಕೆಡಿಸಬಾರದು ಎಂಬುದು ಒಂದು. ಹಬ್ಬವೆಂದ ಮೇಲೆ ಎಲ್ಲವೂ ಸಲ್ಲುತ್ತದೆ ಎಂಬುದು ಇನ್ನೊಂದು. ಇವೆರಡೂ ವಿಚಾರದ ಶ್ರಮವನ್ನು ತಪ್ಪಿಸುವ ದಾರಿಗಳು. ಆಡಬೇಕೇ ಬೇಡವೇ ಎಂಬ ಪ್ರಶ್ನೆಗಿಂತ, ಹೇಗೆ ಆಡಿದರೆ ಆಟವು ಆಟವಾಗಿ ಉಳಿಯುತ್ತದೆ ಎಂಬ ಪ್ರಶ್ನೆ ಹೆಚ್ಚು ಕಠಿನವಾದುದು; ಹೆಚ್ಚು ಪ್ರಯೋಜನವುಳ್ಳದ್ದೂ ಅಹುದು.

ಡಿಸೆಂಬರ್ ತಿಂಗಳಿಗೆ ಆಟದ ನಂಟು ಕ್ರಿಸ್ಮಸ್ ಹಬ್ಬಕ್ಕಿಂತ ಹಳೆಯದು. ರೋಮ್ ನಗರದಲ್ಲಿ ಕ್ರಿಸ್ತನ ಜನ್ಮದಿನವು ಡಿಸೆಂಬರ್ 25 ಎಂದು 354ರಲ್ಲಿ ಸಿದ್ಧವಾದ ಒಂದು ಸಂಗ್ರಹದಲ್ಲಿ ಲಿಖಿತವಾಗಿದೆ. ಅದಕ್ಕೆ ಬಹು ಹಿಂದಿನಿಂದಲೂ ರೋಮನರು ಡಿಸೆಂಬರ್ 17ರಂದು ಶನಿದೇವತೆಯ ಹಬ್ಬವಾದ ಸಾಟರ್ನೇಲಿಯವನ್ನು ಮೊದಲುಮಾಡಿ ಹಲವು ದಿನ ಆಚರಿಸುತ್ತಿದ್ದರು. ಉಳಿದ ದಿನಗಳಲ್ಲಿ ನಿಷಿದ್ಧವಾದ ದಾಳದಾಟಕ್ಕೆ ಆಗ ಬಯಲಲ್ಲಿಯೇ ಅನುಮತಿಯಿತ್ತು. ಮೇಣದ ಬತ್ತಿಗಳನ್ನೂ ಮಣ್ಣಿನ ಸಣ್ಣ ಬೊಂಬೆಗಳನ್ನೂ ಒಬ್ಬರಿಗೊಬ್ಬರು ಕೊಡುತ್ತಿದ್ದರು. ಒಡೆಯರು ತಮ್ಮ ಗುಲಾಮರೊಡನೆ ಕುಳಿತು ಉಣ್ಣುವುದೂ, ಕೆಲವೆಡೆ ಅವರಿಗೆ ತಾವೇ ಬಡಿಸುವುದೂ ಪದ್ಧತಿಯಾಗಿತ್ತು. ನೆರೆದವರಲ್ಲಿ ಒಬ್ಬನನ್ನು ಚೀಟಿಯಿಂದಲೋ ದಾಳದಿಂದಲೋ ಆರಿಸಿ ಹಬ್ಬದ ಅರಸನನ್ನಾಗಿ ಮಾಡುತ್ತಿದ್ದರು. ಅವನು ಹಾಡೆಂದರೆ ಹಾಡಬೇಕು, ಕುಡಿಯೆಂದರೆ ಕುಡಿಯಬೇಕು. ಇಂದಿನ ಕ್ರಿಸ್ಮಸ್ ಕೂಟಗಳಲ್ಲಿ ಸೋತವನಿಗೆ ಹಾಡುವ ಅಥವಾ ಕುಣಿಯುವ ದಂಡವನ್ನು ವಿಧಿಸುವ ಆಟಗಳು ಯಾವ ಮನೋಭಾವದಿಂದ ಹುಟ್ಟಿದವೋ, ಆ ಆಟವೂ ಅದೇ ಮನೋಭಾವದಿಂದ ಹುಟ್ಟಿದುದು.

ಇಂಥ ಒಂದು ಆಟದ ಕಥೆಯನ್ನು ಇತಿಹಾಸಕಾರ ಟ್ಯಾಸಿಟಸನು ಬರೆದಿಟ್ಟಿದ್ದಾನೆ. ಕ್ರಿ. ಶ. 54ರಲ್ಲಿ ಚಕ್ರವರ್ತಿ ಕ್ಲಾಡಿಯಸನು ಸತ್ತನು. ಅವನ ಸ್ವಂತ ಮಗ ಬ್ರಿಟಾನಿಕಸನನ್ನು ಬಿಟ್ಟು, ಅವನು ದತ್ತು ಮಾಡಿಕೊಂಡಿದ್ದ ನೀರೋ ಪಟ್ಟಕ್ಕೆ ಬಂದನು. ಅದಾದ ಬಳಿಕ ಬಂದ ಸಾಟರ್ನೇಲಿಯದಲ್ಲಿ ಸಮವಯಸ್ಕರು ಕೂಡಿ ಆಡುತ್ತಿದ್ದಾಗ ಆಟದ ಅರಸುತನವೂ ನೀರೋಗೆ ಬಂತು. ಅವನು ಉಳಿದವರಿಗೆಲ್ಲ ಲಜ್ಜೆಗೇಡಲ್ಲದ ಸಣ್ಣಪುಟ್ಟ ಆಜ್ಞೆಗಳನ್ನು ಕೊಟ್ಟು, ಹದಿಮೂರು ವಯಸ್ಸಿನ ಬ್ರಿಟಾನಿಕಸನಿಗೆ ಮಾತ್ರ ಎದ್ದುಬಂದು ನಡುವೆ ನಿಂತು ಹಾಡಬೇಕೆಂದು ವಿಧಿಸಿದನು. ಸಭೆಯಲ್ಲಿ ಬಾಯಿಬಿಡುವ ರೂಢಿಯೇ ಇಲ್ಲದ ಹುಡುಗನು ತಡವರಿಸಿ ನಗೆಗೀಡಾಗುವನೆಂಬುದು ಲೆಕ್ಕ. ಹುಡುಗನು ತಡವರಿಸಲಿಲ್ಲ. ತಂದೆಯ ಮನೆಯಿಂದಲೂ ಸಿಂಹಾಸನದಿಂದಲೂ ಹೊರದೂಡಲ್ಪಟ್ಟವನ ಸ್ಥಿತಿಯನ್ನು ಸೂಚಿಸುವ ಹಾಡೊಂದನ್ನು ದೃಢವಾಗಿ ಹಾಡಿದನು. ಇರುಳೂ ಮೈಮರೆವೂ ಕೂಡಿ ಮುಖವಾಡಗಳು ಕಳಚಿದ್ದ ಆ ಹೊತ್ತಿನಲ್ಲಿ ಕೇಳಿದವರ ಮನಸ್ಸು ಕರಗಿತು. ನೀರೋವಿನ ದ್ವೇಷ ಹೆಚ್ಚಿತು. ಮರುವರ್ಷ, ಕ್ರಿ. ಶ. 55ರಲ್ಲಿ, ಊಟದ ಮೇಜಿನ ಬಳಿಯಲ್ಲಿಯೇ ಬ್ರಿಟಾನಿಕಸನು ಸತ್ತನು. ನೀರೋ ವಿಷವಿಡಿಸಿದನೆಂದು ಟ್ಯಾಸಿಟಸನು ಹೇಳುತ್ತಾನೆ.

ಇಲ್ಲಿ ತಪ್ಪಿದುದು ಯಾವುದು? ಆಟದ ನಿಯಮಗಳಲ್ಲಿ ಒಂದೂ ಮುರಿಯಲಿಲ್ಲ. ಅರಸನನ್ನು ಆರಿಸಿದುದು ಕ್ರಮದಂತೆ, ಹಾಡೆಂಬ ಆಜ್ಞೆ ಕ್ರಮದಂತೆ, ಹಾಡಿದುದೂ ಕ್ರಮದಂತೆ. ಹೊರಗಿನಿಂದ ನೋಡಿದವನಿಗೆ ಅದು ನಿರ್ದೋಷವಾದ ವಿನೋದ. ಆದರೆ ಆಟದ ಅರಸನೇ ಆಟದ ಹೊರಗೂ ಅರಸನಾಗಿದ್ದನು. ಸುಳ್ಳು ಕಿರೀಟದ ಕೆಳಗೆ ನಿಜವಾದ ಕಿರೀಟವಿತ್ತು. ಒಲ್ಲೆನೆಂದು ಹೇಳಿ ಕುಳಿತುಕೊಳ್ಳುವ ಸ್ವಾತಂತ್ರ್ಯ ಆ ಹುಡುಗನಿಗೆ ಇರಲಿಲ್ಲ. ಒಲ್ಲೆನೆನ್ನಲಾರದವನು ಆಡುವ ಆಟವು ಅವನ ಪಾಲಿಗೆ ಆಟವಲ್ಲ. ವಿನೋದದ ಮೇರೆಯನ್ನು ಅರಸಿ ಹೊರಟವರಿಗೆ ಸಿಕ್ಕುವ ಮೊದಲನೆಯ ಕಲ್ಲು ಇದು.

ಕನ್ನಡ ವಾಚಕರಿಗೆ ಇಂಥ ಇನ್ನೊಂದು ಸಭೆಯ ನೆನಪು ತಾನಾಗಿಯೇ ಬಂದೀತು. ಹಸ್ತಿನಾವತಿಯ ದ್ಯೂತವೂ ವಿನೋದದ ಹೆಸರಿನಲ್ಲಿಯೇ ಮೊದಲಾಯಿತು. ಅಲ್ಲಿಯೂ ದಾಳಗಳು ಉರುಳಿದುವು, ಪಣಗಳು ಏರಿದುವು. ತನ್ನನ್ನೇ ಸೋತವನಿಗೆ ಬೇರೊಬ್ಬರನ್ನು ಪಣವಾಗಿ ಒಡ್ಡುವ ಅಧಿಕಾರ ಎಲ್ಲಿಯದು ಎಂದು ದ್ರೌಪದಿ ಕೇಳಿದಾಗ ಹಿರಿಯರಿಂದ ನೇರವಾದ ಉತ್ತರ ಹೊರಡಲಿಲ್ಲ. ಆಟದ ಕಟ್ಟಳೆಗೆ ಎಲ್ಲಿಯವರೆಗೆ ಅಧಿಕಾರವುಂಟು ಎಂಬುದೇ ಅವಳ ಪ್ರಶ್ನೆಯ ತಿರುಳು. ಎರಡನೆಯ ಶತಮಾನದ ಗ್ರೀಕ್ ಲೇಖಕ ಲೂಶಿಯನನು ಸಾಟರ್ನೇಲಿಯ ಹಬ್ಬಕ್ಕೆಂದು ನಗೆಯ ಧಾಟಿಯಲ್ಲಿ ಬರೆದ ಕಟ್ಟಳೆಗಳಲ್ಲಿ ಪಣಕ್ಕೆ ಕಾಯಿಬೀಜಗಳನ್ನು ಮಾತ್ರ ಒಡ್ಡಬೇಕೆಂಬ ವಿಧಿಯುಂಟು; ಹಣವನ್ನಿಟ್ಟು ಆಡಿದವನಿಗೆ ಉಪವಾಸವೇ ಶಿಕ್ಷೆ. ಈ ಹಾಸ್ಯದೊಳಗೆ ದೊಡ್ಡ ವಿವೇಕವಿದೆ. ಗೆದ್ದವನು ಬೆಳಗಾದಾಗ ಶ್ರೀಮಂತನಾಗಿರಬಾರದು, ಸೋತವನು ಬಡವನಾಗಿರಬಾರದು. ಆಟದಲ್ಲಿ ಕಳೆದುಹೋಗುವುದು ಮರುದಿನಕ್ಕೆ ಬೇಕಾಗದ ವಸ್ತುವಾಗಿರಬೇಕು. ಮಾನವೆಂಬುದು ಮರುದಿನಕ್ಕೆ ಬೇಕಾಗುವ ವಸ್ತು. ಅದನ್ನು ಪಣಕ್ಕೆ ಇಡತಕ್ಕುದಲ್ಲ.

ಹಬ್ಬದ ಅರಸನ ಆಜ್ಞೆಯನ್ನು ಕುರಿತು ಆಳವಾಗಿ ಯೋಚಿಸಿದ ಮತ್ತೊಬ್ಬನು ಎಪಿಕ್ಟೀಟಸ್. ಅವನು ಹುಟ್ಟಿನಿಂದ ಗುಲಾಮ. ಅವನ ಒಡೆಯನು ನೀರೋವಿನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದವನು. ಬಿಡುಗಡೆ ಹೊಂದಿ ಗುರುವಾದ ಮೇಲೆ ತನ್ನ ಶಿಷ್ಯರಿಗೆ ಅವನು ಸಾಟರ್ನೇಲಿಯದ ಈ ಆಟವನ್ನೇ ದೃಷ್ಟಾಂತವಾಗಿ ಹೇಳಿದನು. ಆಟದ ಅರಸನು ಕುಡಿ, ಹಾಡು, ಹೋಗು, ಬಾ ಎಂದರೆ ವಿಧೇಯನಾಗಬಹುದು. ತನ್ನಿಂದ ಆಟ ಮುರಿಯಬಾರದು. ಆದರೆ ನೀನು ದುಃಸ್ಥಿತಿಯಲ್ಲಿರುವೆಯೆಂದು ನಂಬು ಎಂದು ಅವನು ಆಜ್ಞಾಪಿಸಿದರೆ, ನಂಬುವಂತೆ ಬಲಾತ್ಕರಿಸುವವರು ಯಾರು? ಕೈಕಾಲುಗಳನ್ನು ಆಟಕ್ಕೆ ಕೊಡಬಹುದು, ನಾಲಗೆಯನ್ನು ಕೊಡಬಹುದು. ತನ್ನ ವಿಷಯದಲ್ಲಿ ತಾನು ಮಾಡುವ ನಿರ್ಣಯವನ್ನು ಮಾತ್ರ ಯಾವ ಅರಸನಿಗೂ ಒಪ್ಪಿಸಬೇಕಾಗಿಲ್ಲ ಎಂಬುದು ಅವನ ಉಪದೇಶದ ಸಾರ.

ಈ ಮಾತು ಗಂಭೀರವಾದುದು. ಗುಲಾಮಗಿರಿಯನ್ನು ಉಂಡವನ ಬಾಯಿಂದ ಬಂದುದಾದ್ದರಿಂದ ಇನ್ನೂ ತೂಕವುಳ್ಳದ್ದು. ಕಣ್ಣು ಕಟ್ಟಿಸಿಕೊಂಡವನು ತನ್ನ ಎಡವಾಟಕ್ಕೆ ತಾನೇ ನಗಬಲ್ಲನಾದರೆ ಅದು ಅವನ ದೌರ್ಬಲ್ಯವಲ್ಲ, ಶಕ್ತಿ. ಕೂಟದಲ್ಲಿ ಹಾಡಲು ಬಾರದಿದ್ದರೂ ಹಾಡಿ, ಕೇಳಿದವರೊಡನೆ ತಾನೂ ನಕ್ಕು ಬಂದು ಕುಳಿತವನು ಅಷ್ಟರಮಟ್ಟಿಗೆ ಅಹಂಕಾರದಿಂದ ಬಿಡುಗಡೆ ಪಡೆದವನು. ತನ್ನ ಗಾಂಭೀರ್ಯ ಎಲ್ಲಿ ಕುಂದೀತೋ ಎಂದು ಮೂಲೆಯಲ್ಲಿ ಬಿಗಿದುಕೊಂಡು ಕುಳಿತವನಿಗಿಂತ ಅವನು ಸ್ವತಂತ್ರನು. ಇಷ್ಟನ್ನು ಒಪ್ಪಲೇಬೇಕು.

ಆದರೂ ಎಪಿಕ್ಟೀಟಸನ ಮಾತು ಪ್ರಶ್ನೆಯ ಒಂದು ಮಗ್ಗುಲನ್ನು ಮಾತ್ರ ಬೆಳಗುತ್ತದೆ. ಅದು ಆಜ್ಞೆಗೆ ಒಳಗಾದವನಿಗೆ ಹೇಳಿದ ಧರ್ಮ; ಆಜ್ಞೆ ಮಾಡುವವನಿಗೆ ಹೇಳಿದುದಲ್ಲ. ನೊಂದವನಿಗೆ, ನಿನ್ನ ಮನಸ್ಸು ನಿನ್ನ ವಶದಲ್ಲಿದೆ, ನೋಯಬೇಡ ಎಂದು ಹೇಳುವುದು ಗುರುವಿಗೆ ಒಪ್ಪುತ್ತದೆ, ನೋಯಿಸಿದವನಿಗೆ ಒಪ್ಪುವುದಿಲ್ಲ. ಕೂಟಗಳಲ್ಲಿ ಯಾರಾದರೂ ಮುಖ ಬಾಡಿಸಿಕೊಂಡಾಗ, ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಬಾರದೇ ಎಂದು ಹೇಳುವವರುಂಟು. ತತ್ತ್ವಜ್ಞಾನಿಯು ತನಗೆ ತಾನು ಹೇಳಿಕೊಂಡ ಮಾತನ್ನು ಅವರು ಕದ್ದು ಇನ್ನೊಬ್ಬನ ಮೇಲೆ ಎಸೆಯುತ್ತಾರೆ. ಸಹನೆಯು ತಾನಾಗಿ ಕೊಡುವ ವಸ್ತುವೇ ಹೊರತು ಬೇರೆಯವರು ಬಲವಂತದಿಂದ ವಸೂಲು ಮಾಡತಕ್ಕ ಕಂದಾಯವಲ್ಲ.

ಇದೇ ಕಾಲದ ಸೆನೆಕನು ನೀರೋವಿಗೆ ಗುರುವೂ ಮಂತ್ರಿಯೂ ಆಗಿದ್ದವನು. ಹಬ್ಬದ ಗದ್ದಲದಲ್ಲಿ ವಿವೇಕಿಯು ಕೂಡಬೇಕೋ ದೂರವಿರಬೇಕೋ ಎಂಬುದನ್ನು ಅವನು ಒಂದು ಪತ್ರದಲ್ಲಿ ಚರ್ಚಿಸಿದ್ದಾನೆ. ಜನರೆಲ್ಲ ಮತ್ತರಾದಾಗ ತಾನೊಬ್ಬನೇ ದೂರ ನಿಲ್ಲುವುದು ಧೈರ್ಯವೇ ಸರಿ. ಆದರೆ ಎದ್ದುಕಾಣುವಂತೆ ಬೇರೆಯಾಗದೆ, ಎಲ್ಲರೂ ಮಾಡುವುದನ್ನೇ ಬೇರೆ ರೀತಿಯಲ್ಲಿ ಮಾಡುವುದು ಹೆಚ್ಚು ಸಂಯಮವುಳ್ಳದ್ದೆಂದು ಅವನ ಮತ. ಗುಲಾಮರನ್ನು ಕುರಿತ ಇನ್ನೊಂದು ಪತ್ರದಲ್ಲಿ ಅವನು ಇನ್ನೂ ದೊಡ್ಡ ಮಾತನ್ನು ಆಡಿದ್ದಾನೆ. ಒಡೆಯರು ಗುಲಾಮರೊಡನೆ ಉಣ್ಣಬೇಕೆಂದು ಹಿರಿಯರು ಒಂದು ಹಬ್ಬವನ್ನು ಗೊತ್ತುಮಾಡಿದುದು, ಅದೊಂದೇ ದಿನ ಉಣ್ಣಲೆಂದಲ್ಲ, ಆ ದಿನವಂತೂ ತಪ್ಪದೆ ಉಣ್ಣಲೆಂದು. ಹಬ್ಬದ ಸಮಾನತೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕೀಲಿಕೈ ಸಿಕ್ಕುವುದು ಕಷ್ಟ.

ಏಕೆಂದರೆ ಒಂದು ದಿನದ ಸಮಾನತೆಯ ಮೇಲೆ ಬಲವಾದ ಆಕ್ಷೇಪಣೆಯುಂಟು. ಮಧ್ಯಯುಗದಿಂದ ಈಚೆಗೆ ಯುರೋಪಿನಲ್ಲಿ ಹಬ್ಬದ ಹನ್ನೆರಡನೆಯ ದಿನದ ಕೇಕಿನೊಳಗೆ ಒಂದು ಕಾಳನ್ನು ಹುದುಗಿಸಿಟ್ಟು, ಯಾರ ತುಂಡಿನಲ್ಲಿ ಅದು ಸಿಕ್ಕುವುದೋ ಅವನನ್ನು ಅರಸನೆಂದು ಕೂಗುತ್ತಿದ್ದರು. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿಯೂ ಅರಮನೆಯಲ್ಲಿಯೂ ಕ್ರಿಸ್ಮಸ್ ಕಾಲಕ್ಕೆ ಗೊಂದಲದ ದೊರೆಯೆಂಬ ಅಧಿಪತಿ ನೇಮಕನಾಗುತ್ತಿದ್ದನು. ಎಂಟನೆಯ ಹೆನ್ರಿಯ ಕಾಲದ 1541ರ ಶಾಸನವೊಂದು ಕೂಲಿಯವರು, ಕಸುಬಿನವರು, ಸೇವಕರು ಇವರಿಗೆ ದಾಳ, ಇಸ್ಪೀಟು, ಟೆನ್ನಿಸ್ ಮೊದಲಾದ ಆಟಗಳನ್ನು ನಿಷೇಧಿಸಿ, ಕ್ರಿಸ್ಮಸ್ ಕಾಲದಲ್ಲಿ ಮಾತ್ರ ಆಡಬಹುದೆಂದು ಬಿಟ್ಟಿತು. ಅದೂ ಒಡೆಯನ ಮನೆಯಲ್ಲಿ ಅಥವಾ ಒಡೆಯನ ಕಣ್ಣೆದುರಿನಲ್ಲಿ. ಆಕ್ಷೇಪಣೆ ಮಾಡುವವರು ಇಲ್ಲಿ ಕೇಳುತ್ತಾರೆ: ವರ್ಷವೆಲ್ಲ ಕಟ್ಟಿಹಾಕಿ ಹನ್ನೆರಡು ದಿನ ಹಗ್ಗವನ್ನು ಸಡಿಲಿಸುವುದು ದಯೆಯೋ, ಹಗ್ಗವನ್ನು ಗಟ್ಟಿಯಾಗಿ ಉಳಿಸಿಕೊಳ್ಳುವ ಉಪಾಯವೋ? ಆಳಿಗೆ ಒಂದು ದಿನ ಕಾಗದದ ಕಿರೀಟವನ್ನು ಕೊಟ್ಟು ಉಳಿದ ದಿನಗಳ ದಾಸ್ಯವನ್ನು ಮರೆಸುವುದು ಮೋಸವಲ್ಲವೇ?

ಮೋಸವಾಗಬಹುದು, ನಿಜ. ಆದರೆ ಆಗಲೇಬೇಕೆಂಬ ನಿಯಮವಿಲ್ಲ. ಆಟದಲ್ಲಿ ಒಮ್ಮೆ ಸಮಾನನಾಗಿ ಕುಳಿತವನು ಸಮಾನತೆಯ ರುಚಿಯನ್ನು ಅರಿಯುತ್ತಾನೆ. ಆಳಿನ ಮಾತಿಗೆ ಒಂದು ಇರುಳು ನಕ್ಕ ಒಡೆಯನು, ಆ ಆಳಿಗೂ ಮಾತುಂಟು, ಚಾತುರ್ಯವುಂಟು, ಮಾನವುಂಟು ಎಂಬುದನ್ನು ಕಂಡುಬಿಟ್ಟಿರುತ್ತಾನೆ. ಕಂಡುದನ್ನು ಕಾಣಲಿಲ್ಲವೆಂದು ಮಾಡಲು ಮಾತ್ರ ಅವನಿಗೆ ಸಾಧ್ಯವಿಲ್ಲ. ಸೆನೆಕನ ಮಾತಿನ ಬೆಳಕಿನಲ್ಲಿ ನೋಡಿದರೆ ಹಬ್ಬವು ವಿನಾಯತಿಯಲ್ಲ, ಮೇಲ್ಪಂಕ್ತಿ. ಆ ದಿನ ನಡೆದುದು ಉಳಿದ ದಿನಗಳಿಗೆ ಸಾಕ್ಷಿಯಾಗಿ ನಿಂತರೆ ಆಟ ಸಾರ್ಥಕ. ಉಳಿದ ದಿನಗಳಿಗೆ ಪ್ರಾಯಶ್ಚಿತ್ತವಾಗಿ ಮುಗಿದರೆ ವ್ಯರ್ಥ.

ಆಟವನ್ನೇ ನಿಲ್ಲಿಸಹೊರಟವರ ವಾದವನ್ನೂ ನ್ಯಾಯವಾಗಿ ಕೇಳಬೇಕು. 1621ರ ಕ್ರಿಸ್ಮಸ್ ದಿನ, ಅಮೆರಿಕೆಯ ಪ್ಲಿಮತ್ ವಸಾಹತಿನಲ್ಲಿ ಅಧಿಪತಿ ವಿಲಿಯಂ ಬ್ರಾಡ್‌ಫರ್ಡನು ಎಂದಿನಂತೆ ಜನರನ್ನು ಕೆಲಸಕ್ಕೆ ಕರೆದನು. ಪ್ಯೂರಿಟನರ ಆ ಪಂಗಡಕ್ಕೆ ಕ್ರಿಸ್ಮಸ್ ಆಚರಣೆ ಸಮ್ಮತವಾಗಿರಲಿಲ್ಲ. ಹೊಸದಾಗಿ ಬಂದವರಲ್ಲಿ ಬಹುಮಂದಿ ಆ ದಿನ ದುಡಿಯುವುದು ತಮ್ಮ ಅಂತಃಸಾಕ್ಷಿಗೆ ವಿರುದ್ಧವೆಂದರು. ಹಾಗಾದರೆ ಅವರಿಗೆ ತಿಳಿವಳಿಕೆ ಬರುವ ತನಕ ಬಿಟ್ಟಿರುವೆನೆಂದು ಹೇಳಿ ಅವನು ಉಳಿದವರೊಡನೆ ಕೆಲಸಕ್ಕೆ ಹೋದನು. ಮಧ್ಯಾಹ್ನ ಹಿಂದಿರುಗಿ ಬಂದಾಗ ಅವರು ಬೀದಿಯಲ್ಲಿ ಬಹಿರಂಗವಾಗಿ ದಿಮ್ಮಿ ಎಸೆಯುವ ಆಟವನ್ನೂ ಚೆಂಡಾಟವನ್ನೂ ಆಡುತ್ತಿದ್ದರು. ಬ್ರಾಡ್‌ಫರ್ಡನು ಆಟದ ಸಾಮಾನುಗಳನ್ನು ಕಿತ್ತುಕೊಂಡು, ಇತರರು ದುಡಿಯುತ್ತಿರುವಾಗ ಇವರು ಆಡುವುದು ತನ್ನ ಅಂತಃಸಾಕ್ಷಿಗೆ ವಿರುದ್ಧವೆಂದನು. ಭಕ್ತಿಯಿಂದ ಆಚರಿಸುವುದಾದರೆ ಮನೆಯೊಳಗೆ ಆಚರಿಸಿಕೊಳ್ಳಲಿ ಎಂದನು.

ಬ್ರಾಡ್‌ಫರ್ಡನ ಮತದವರು ಮುಂದೆ ಇನ್ನೂ ಬಿಗಿಯಾದರು ಎಂದು ಅವನ ಮಾತನ್ನು ನಗೆಯಾಡಿ ತಳ್ಳುವುದು ಸುಲಭ. ಅವನ ಮತದ ಬಂಧುಗಳು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಬಲಗೊಂಡು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದುಪಡಿಸಿದರು. ಆ ವರ್ಷದ ಕ್ರಿಸ್ಮಸ್ ದಿನ ಕ್ಯಾಂಟರ್ಬರಿಯಲ್ಲಿ ಅಂಗಡಿ ತೆರೆಸಹೋದ ಮೇಯರನ ವಿರುದ್ಧ ದಂಗೆಯೆದ್ದಿತು. ಬೀದಿಯಲ್ಲಿ ಕಾಲ್ಚೆಂಡಿನ ಆಟ ನಡೆಯಿತು. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರ ಕಾನೂನು ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿತು. ಅದು ರದ್ದಾದುದು 1681ರಲ್ಲಿ. ನಗೆಯನ್ನು ಕಾನೂನಿನಿಂದ ಒಣಗಿಸುವ ಯತ್ನಗಳು ಸೋತುವು, ಸೋಲತಕ್ಕವೇ ಆಗಿದ್ದುವು.

ಆದರೆ ಬ್ರಾಡ್‌ಫರ್ಡನ ಒಂದು ಮಾತು ಮಾತ್ರ ಸೋಲದೆ ನಿಂತಿದೆ. ಇತರರು ದುಡಿಯುತ್ತಿರುವಾಗ ಕೆಲವರು ಆಡುವುದು ಸರಿಯೇ? ಈ ಪ್ರಶ್ನೆಗೆ ಪ್ಲಿಮತ್ ತನಕ ಹೋಗಬೇಕಾಗಿಲ್ಲ. ಕ್ರಿಸ್ಮಸ್ ಆಗಲಿ ಬೇರೆ ಯಾವ ಹಬ್ಬವೇ ಆಗಲಿ, ನಡುಮನೆಯಲ್ಲಿ ಕೇಕೆ ಏಳುತ್ತಿರುವಾಗ ಅಡುಗೆಮನೆಯಲ್ಲಿ ಯಾರೋ ಒಬ್ಬರು ಬೆವರುತ್ತಿರುತ್ತಾರೆ. ಬಹುಮಟ್ಟಿಗೆ ಆಕೆ ಮನೆಯ ಹಿರಿಯ ಹೆಂಗಸು. ಇಲ್ಲವೇ ಕೂಲಿಗೆ ಬಂದವಳು. ಆಟದ ಸದ್ದು ಆಕೆಗೆ ಗೋಡೆಯ ಮೂಲಕ ಕೇಳಿಸುತ್ತದೆ. ಬ್ರಾಡ್‌ಫರ್ಡನು ಈ ಅನ್ಯಾಯಕ್ಕೆ ಮಾಡಿದ ಪರಿಹಾರ ಆಟವನ್ನು ನಿಲ್ಲಿಸುವುದು. ಆದರೆ ನ್ಯಾಯಕ್ಕೆ ಇನ್ನೊಂದು ದಾರಿಯೂ ಇತ್ತು: ಎಲ್ಲರೂ ಕೂಡಿ ಕೆಲಸವನ್ನು ಬೇಗ ಮುಗಿಸಿ, ದುಡಿಯುವವರನ್ನೂ ಆಟಕ್ಕೆ ಕರೆಯುವುದು. ಅವನ ಪ್ರಶ್ನೆಯನ್ನು ಸ್ವೀಕರಿಸಿ ಅವನ ಉತ್ತರವನ್ನು ಬಿಡುವುದು ವಿವೇಕ.

ಇನ್ನು ನಗೆಯ ಸ್ವರೂಪವನ್ನೇ ವಿಚಾರಿಸಬೇಕು. ಚಾರ್ಲ್ಸ್ ಡಿಕನ್ಸನು 1843ರಲ್ಲಿ ಪ್ರಕಟಿಸಿದ ಕ್ರಿಸ್ಮಸ್ ಕಥೆಯಲ್ಲಿ ಜಿಪುಣ ಸ್ಕ್ರೂಜನನ್ನು ಒಂದು ಚೇತನವು ಅವನ ಸೋದರಿಯ ಮಗನ ಮನೆಯ ಕೂಟಕ್ಕೆ ಅದೃಶ್ಯನಾಗಿ ಕರೆದೊಯ್ಯುತ್ತದೆ. ಅಲ್ಲಿ ದಂಡ ತೆರುವ ಆಟ, ಕಣ್ಣುಕಟ್ಟಿನ ಆಟ, ಪ್ರಶ್ನೋತ್ತರದ ಆಟ ಎಲ್ಲವೂ ನಡೆಯುತ್ತವೆ. ಕಣ್ಣುಕಟ್ಟಿನ ಆಟದಲ್ಲಿ ಟಾಪರನೆಂಬವನು ಉಳಿದವರನ್ನೆಲ್ಲ ಬಿಟ್ಟು ಒಬ್ಬ ತರುಣಿಯನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ. ಅವನ ಕಣ್ಣು ನಿಜವಾಗಿ ಕಟ್ಟಿತ್ತೆಂಬುದನ್ನು ಕಥೆ ಹೇಳುವವನೇ ನಂಬುವುದಿಲ್ಲ. ಡಿಕನ್ಸನು ಇದನ್ನು ನಗೆಯಿಂದ ಹೇಳಿದ್ದಾನೆ. ಆ ತರುಣಿಗೂ ಅಪ್ರಿಯವಾಗಿರಲಿಲ್ಲವೆಂಬ ಸೂಚನೆಯಿದೆ. ಆದರೆ ಅದೇ ನಡತೆ, ಒಲ್ಲದ ಹೆಣ್ಣೊಬ್ಬಳ ಕಡೆಗೆ ಆದಾಗ, ಆಟದ ಬಟ್ಟೆಯು ಕಣ್ಣನ್ನು ಮುಚ್ಚುವುದಕ್ಕೆ ಬದಲಾಗಿ ತಪ್ಪನ್ನು ಮುಚ್ಚುವ ಬಟ್ಟೆಯಾಗುತ್ತದೆ. ಆಟದಲ್ಲಿ ಆದುದು ಎಂಬ ನೆಪವು ಎಷ್ಟೋ ಸಲುಗೆಗಳಿಗೆ ಮರೆಯಾಗಿದೆ. ಒಲ್ಲೆನೆಂಬ ಸ್ವಾತಂತ್ರ್ಯವೇ ಇಲ್ಲಿಯೂ ಅಳತೆಗೋಲು.

ಪ್ರಶ್ನೋತ್ತರದ ಆಟ ಇನ್ನೂ ಸೂಕ್ಷ್ಮವಾದುದು. ಸೋದರಳಿಯನು ಮನಸ್ಸಿನಲ್ಲಿ ಒಂದು ವಸ್ತುವನ್ನು ನೆನೆಯುತ್ತಾನೆ. ಉಳಿದವರು ಪ್ರಶ್ನೆ ಕೇಳಿ ಅದನ್ನು ಪತ್ತೆಮಾಡಬೇಕು. ಅದು ಪ್ರಾಣಿ, ಗುರುಗುಟ್ಟುವ ಒರಟು ಪ್ರಾಣಿ, ಲಂಡನ್ನಿನಲ್ಲಿ ವಾಸ. ಕೊನೆಗೆ ಒಬ್ಬಳು ಕೂಗುತ್ತಾಳೆ: ಅದು ಸ್ಕ್ರೂಜ್ ಮಾವ! ಮನೆಯೆಲ್ಲ ನಗೆ. ಎದುರಿಗಿಲ್ಲದವನನ್ನು ಕುರಿತು ನಗುವುದು ಹೇಡಿತನವೆಂದು ಸಾಮಾನ್ಯವಾಗಿ ಹೇಳಬಹುದು. ಇಲ್ಲಿಯಾದರೋ ನಗೆಗೀಡಾದವನು ಕಾಣದಂತೆ ಅಲ್ಲಿಯೇ ನಿಂತಿದ್ದಾನೆ. ಅವನು ಸಿಟ್ಟಾಗುವುದಿಲ್ಲ, ಹುಡುಗನಂತೆ, ಇನ್ನೂ ಸ್ವಲ್ಪ ಹೊತ್ತು ಇರಗೊಡಿಸೆಂದು ಚೇತನವನ್ನು ಬೇಡಿಕೊಂಡವನು ಅವನು. ಹೀಗೇಕೆ? ನಕ್ಕವರು ಆ ಮೇಲೆ ಅವನ ಆರೋಗ್ಯಕ್ಕೆಂದು ಪಾತ್ರೆಯನ್ನೆತ್ತಿದರು. ವರ್ಷವರ್ಷವೂ ಅವನನ್ನು ಊಟಕ್ಕೆ ಕರೆಯುವೆನೆಂದು ಅಳಿಯನು ಆಗಲೇ ಹೇಳಿದ್ದನು. ನಗೆಯ ಹಿಂದೆ ತೆರೆದ ಬಾಗಿಲೊಂದಿತ್ತು. ಮರುದಿನ ಸ್ಕ್ರೂಜನು ಆ ಬಾಗಿಲಿನಿಂದಲೇ ಒಳಕ್ಕೆ ಬಂದನು. ಒಬ್ಬನನ್ನು ಹೊರಗೆ ಹಾಕುವುದಕ್ಕಾಗಿ ನಗುವ ನಗೆ ಒಂದು. ಒಳಗೆ ಕರೆಯುತ್ತಲೇ ನಗುವ ನಗೆ ಇನ್ನೊಂದು. ಕಿವಿಗೆ ಎರಡೂ ಒಂದೇ. ಒಳಗಾದವನಿಗೆ ಮಾತ್ರ ಅಂತರ ತಿಳಿಯುತ್ತದೆ.

ಕ್ರಿಸ್ಮಸ್ ಆಟಗಳ ಚರಿತ್ರೆಯಲ್ಲಿ ಕೆಲವು ರೂಪಗಳು ಈ ಅಂತರವನ್ನು ತಾವಾಗಿಯೇ ಕಂಡುಕೊಂಡಂತೆ ತೋರುತ್ತವೆ. ಲಂಡನ್ನಿನ ಮಿಠಾಯಿ ವ್ಯಾಪಾರಿ ಟಾಮ್ ಸ್ಮಿತ್ತನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಾಗದದ ಕೊಳವೆಯಂಥ ಪಟಾಕಿಯನ್ನು ಬಳಕೆಗೆ ತಂದನು. ಎರಡು ತುದಿಗಳನ್ನು ಇಬ್ಬರು ಹಿಡಿದು ಎಳೆಯಬೇಕು. ಒಬ್ಬನೇ ಆಡಲು ಬರುವುದಿಲ್ಲ. ಕಾಲಕ್ರಮದಲ್ಲಿ ಅದರೊಳಗೆ ಕಾಗದದ ಕಿರೀಟವೂ ಸೇರಿತು. ಹಿಂದೆ ಕೇಕಿನಲ್ಲಿ ಒಂದೇ ಕಾಳು, ಕೂಟಕ್ಕೆ ಒಬ್ಬನೇ ಅರಸು. ಈಗ ಮೇಜಿನ ಸುತ್ತ ಕುಳಿತ ಅಜ್ಜಿ, ಮೊಮ್ಮಗ, ಅತಿಥಿ ಎಲ್ಲರ ತಲೆಯ ಮೇಲೂ ಕಿರೀಟ. ಆಜ್ಞೆ ಮಾಡುವವನು ಮಾಯವಾಗಿ ಎಲ್ಲರೂ ಸಮನಾಗಿ ಹಾಸ್ಯಾಸ್ಪದರಾಗಿದ್ದಾರೆ. ನೀರೋವಿನ ಸಭೆಯಿಂದ ಈ ಮೇಜಿಗೆ ಬಂದ ದೂರ ಸಣ್ಣದಲ್ಲ.

ಸ್ವೀಡನ್ನಿನಲ್ಲಿ ಕ್ರಿಸ್ಮಸ್ ಉಡುಗೊರೆಗೆ ಯೂಲ್‌ಕ್ಲಾಪ್ ಎಂಬ ಹೆಸರುಂಟು. ಬಾಗಿಲು ಬಡಿದು, ಗಂಟನ್ನು ಒಳಕ್ಕೆ ಎಸೆದು, ಕೊಟ್ಟವನು ಯಾರೆಂಬುದು ತಿಳಿಯದಂತೆ ಓಡಿಹೋಗುವ ಹಳೆಯ ವಿನೋದದಿಂದ ಬಂದ ಹೆಸರು ಅದು. ಈಗ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಚೀಟಿಯೆತ್ತಿ ಗುಟ್ಟಾಗಿ ಕಾಣಿಕೆ ಕೊಡುವ ಆಟ ಅದೇ ಜಾತಿಯದು. ಕೊಟ್ಟವನ ಹೆಸರು ಮರೆಯಾದಾಗ ಪಡೆದವನ ಋಣಭಾರವೂ ಇಳಿಯುತ್ತದೆ. ಬಲಗೈ ಕೊಟ್ಟುದು ಎಡಗೈಗೆ ತಿಳಿಯಬಾರದೆಂಬ ಉಪದೇಶವು ಇಲ್ಲಿ ಮಕ್ಕಳಾಟವಾಗಿ ನಡೆಯುತ್ತದೆ. ಮೆಕ್ಸಿಕೋ ದೇಶದ ಕ್ರಿಸ್ಮಸ್ ದಿನಗಳಲ್ಲಿ ಬಣ್ಣಬಣ್ಣದ ಕಾಗದ ಹಚ್ಚಿದ ಮಡಕೆಯನ್ನು ಮೇಲೆ ತೂಗಿಬಿಟ್ಟು, ಕಣ್ಣು ಕಟ್ಟಿಸಿಕೊಂಡವನು ಕೋಲಿನಿಂದ ಹೊಡೆಯುವ ಪಿನ್ಯಾಟ ಎಂಬ ಆಟವುಂಟು. ಹತ್ತು ಮಂದಿ ತಪ್ಪಿಸಿ ಹನ್ನೊಂದನೆಯವನು ಒಡೆದರೂ, ಒಳಗಿನ ಹಣ್ಣು ಮಿಠಾಯಿಗಳು ಸುರಿಯುವುದು ಎಲ್ಲರ ಮೇಲೆ. ಗೆಲುವು ಒಬ್ಬನದು, ಫಲ ಎಲ್ಲರದು. ಇದಕ್ಕೆ ಎದುರಾಗಿ, ಸಂಗೀತ ನಿಂತಾಗ ಕುರ್ಚಿ ಹಿಡಿಯುವ ಆಟವನ್ನು ನೋಡಬಹುದು. ಅದರಲ್ಲಿ ಮೊದಲು ಹೊರಬೀಳುವುದು ಬಹುಮಟ್ಟಿಗೆ ತೀರ ಸಣ್ಣ ಕೂಸು ಅಥವಾ ತೀರ ಸಂಕೋಚದ ಹುಡುಗಿ. ಹೆಚ್ಚು ಹೊತ್ತು ಆಡುವುದು ಆಗಲೇ ಬಲವುಳ್ಳವನು. ಆಟ ದುಷ್ಟವೆಂದಲ್ಲ, ಹೊರಬಿದ್ದವರಿಗೆ ಸಂಗೀತವನ್ನು ನಡೆಸುವ ಕೆಲಸವನ್ನೋ ತೀರ್ಪಿನ ಕೆಲಸವನ್ನೋ ಕೊಡಬಲ್ಲ ಮನೆಯೊಡತಿ, ಯಾವ ನೀತಿಗ್ರಂಥವನ್ನೂ ಓದದೆ, ನೀತಿಯ ಸೂಕ್ಷ್ಮವನ್ನು ಅರಿತವಳು.

ಕ್ರಿಸ್ಮಸ್ ಆಟದ ಮಾತಿನಲ್ಲಿ 1914ನೆಯ ವರ್ಷವನ್ನು ಬಿಡುವಂತಿಲ್ಲ. ಮೊದಲನೆಯ ಮಹಾಯುದ್ಧದ ಆ ಡಿಸೆಂಬರಿನಲ್ಲಿ ಪಶ್ಚಿಮ ರಣರಂಗದ ಹಲವು ಕಡೆ ಬ್ರಿಟಿಷ್ ಜರ್ಮನ್ ಸೈನಿಕರು ಯಾರ ಆಜ್ಞೆಯೂ ಇಲ್ಲದೆ ಗುಂಡು ಹಾರಿಸುವುದನ್ನು ನಿಲ್ಲಿಸಿ, ಕಂದಕಗಳಿಂದ ಎದ್ದುಬಂದು, ನಡುವಣ ಬಯಲಿನಲ್ಲಿ ಕೈಕುಲುಕಿದರು. ಸತ್ತವರನ್ನು ಹೂಳಿದರು, ಹೊಗೆಸೊಪ್ಪನ್ನೂ ಗುಂಡಿಗಳನ್ನೂ ಬದಲಾಯಿಸಿಕೊಂಡರು, ಒಂದೆರಡು ಕಡೆ ಕಾಲ್ಚೆಂಡನ್ನೂ ಒದ್ದರು. ಆಮೇಲೆ ಯುದ್ಧ ಮುಂದುವರಿಯಿತು. ಮುಂದಿನ ವರ್ಷ ಇಂಥದು ನಡೆಯಬಾರದೆಂದು ಸೇನಾಧಿಪತಿಗಳು ಕಟ್ಟಪ್ಪಣೆ ಮಾಡಿದರು. ಆ ಚೆಂಡಾಟದಿಂದ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ ಎಂದೇ ಲೆಕ್ಕ ಹೇಳಬೇಕಾದೀತು. ಆದರೆ ಅಧಿಕಾರಿಗಳು ಅದಕ್ಕೆ ಅಷ್ಟು ಅಂಜಿದುದೇಕೆ? ಚೆಂಡನ್ನು ತನ್ನ ಕಡೆಗೆ ಒದ್ದವನ ಮುಖವನ್ನು ಒಮ್ಮೆ ಕಂಡ ಮೇಲೆ, ಆ ಮುಖಕ್ಕೆ ಗುರಿಯಿಡುವುದು ಮೊದಲಿನಷ್ಟು ಸುಲಭವಲ್ಲವೆಂಬುದು ಅವರಿಗೆ ಗೊತ್ತಿತ್ತು. ಒಂದು ದಿನದ ಸಮಾನತೆಯು ಮೋಸವೆಂದು ಹೇಳುವವರಿಗೆ ಆ ಅಂಜಿಕೆಯೇ ಉತ್ತರ. ಬರಿಯ ಮೋಸವಾಗಿದ್ದರೆ ಅದನ್ನು ತಡೆಯಬೇಕಾದ ಅಗತ್ಯವಿರುತ್ತಿರಲಿಲ್ಲ.

ಇಷ್ಟು ವಿಚಾರದಿಂದ ವಿನೋದದ ಮೇರೆಯನ್ನು ಸ್ಥೂಲವಾಗಿ ಗುರುತಿಸಬಹುದು. ಆಡತಕ್ಕವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿರಬೇಕು. ಒಲ್ಲೆನೆಂದವನು ಅದಕ್ಕಾಗಿ ಇನ್ನೊಂದು ದಂಡವನ್ನು ತೆರುವಂತಿರಬಾರದು. ನಗೆಗೀಡಾಗುವ ಸರದಿ ಸುತ್ತಿ ಬರಬೇಕು. ಮನೆಯ ಯಜಮಾನನ ಕಣ್ಣಿಗೂ ಒಮ್ಮೆ ಬಟ್ಟೆ ಬೀಳಬೇಕು. ಯಾವಾಗಲೂ ಒಬ್ಬನೇ ಕುರುಡನಾಗುವ ಆಟದಲ್ಲಿ ಉಳಿದವರೇ ನಿಜವಾದ ಕುರುಡರು. ಸೋತದ್ದು ಬೆಳಗಿನ ಹೊತ್ತಿಗೆ ನೋವಾಗಿಯಾಗಲಿ ಸಾಲವಾಗಿಯಾಗಲಿ ಉಳಿಯಬಾರದು. ಮತ್ತು ಆಟದ ಸದ್ದನ್ನು ಗೋಡೆಯ ಆಚೆಯಿಂದ ಕೇಳುತ್ತ ಯಾರೂ ಉಳಿದಿರಬಾರದು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕುಸ್ವಾರ್ ಎಂಬ ಬಗೆಬಗೆಯ ತಿಂಡಿಗಳನ್ನು ಮಾಡಲು ಮನೆಮಂದಿಯೆಲ್ಲ ಕುಳಿತು ಹಿಟ್ಟು ತೀಡುವುದೂ, ಬಳಿಕ ಅದನ್ನು ತಟ್ಟೆಗಳಲ್ಲಿ ಜಾತಿಮತ ನೋಡದೆ ನೆರೆಮನೆಗಳಿಗೆ ಕಳುಹುವುದೂ ರೂಢಿ. ಕೆಲಸವೇ ಆಟವಾಗುವ, ಆಟವು ನೆರೆಮನೆಯವರೆಗೆ ಹೋಗುವ ಈ ಪದ್ಧತಿಯಲ್ಲಿ ಬ್ರಾಡ್‌ಫರ್ಡನ ಪ್ರಶ್ನೆಗೆ ಸಿಹಿಯಾದ ಉತ್ತರವುಂಟು.

ಈ ಮೇರೆಯನ್ನು ಕಾಯತಕ್ಕವರು ಯಾರೆಂಬ ಪ್ರಶ್ನೆ ಉಳಿಯಿತು. ಪಾರ್ಲಿಮೆಂಟು ಕಾಯಲಾರದು, ಆಟದ ಕಟ್ಟಳೆ ಕಾಯಲಾರದೆಂಬುದನ್ನು ಬ್ರಿಟಾನಿಕಸನ ಕಥೆಯೇ ತೋರಿಸಿದೆ. ನಗುತ್ತಿರುವವರಲ್ಲಿ ಒಬ್ಬನಾದರೂ, ನಗುನಗುತ್ತಲೇ, ನಡುವೆ ನಿಂತವನ ಮುಖದ ಕಡೆಗೆ ಒಂದು ಕಣ್ಣಿಟ್ಟಿರಬೇಕು. ಮುಖದ ಅರ್ಧಭಾಗ ಬಟ್ಟೆಯ ಹಿಂದೆ ಅಡಗಿರುವುದರಿಂದ ಅದು ಸುಲಭವಲ್ಲ. ತುಟಿಗಳನ್ನು ನೋಡಿಯೇ ತಿಳಿಯಬೇಕು. ತುಟಿ ಬಿಗಿದುದನ್ನು ಕಂಡವನು ಮುಂದೆ ಹೋಗಿ, ತಾನಾಗಿಯೇ ಅವನ ಕೈಗೆ ಸಿಕ್ಕಿಕೊಂಡು, ಗಂಟನ್ನು ಬಿಚ್ಚಿ, ಆ ಬಟ್ಟೆಯನ್ನು ತನ್ನ ಕಣ್ಣಿಗೆ ಕಟ್ಟಿಸಿಕೊಳ್ಳುತ್ತಾನೆ. ಆಟ ಮುರಿಯುವುದಿಲ್ಲ; ನಗೆಯೂ ನಿಲ್ಲುವುದಿಲ್ಲ; ಇಂಥ ಕೈ ಒಂದು ನಡುವೆ ಬಂದಿತೆಂಬುದು ಬಹುಜನಕ್ಕೆ ತಿಳಿಯುವುದೂ ಇಲ್ಲ. ಬಿಡುಗಡೆಯಾದವನಿಗೆ ಮಾತ್ರ ತಿಳಿದಿರುತ್ತದೆ.